ದೊಡ್ಡ ಬಕೆಟ್ ತುಂಬಿ ಮುಚ್ಚುವ ಮೆಷಿನ್ ಆರಿಸುವುದು ಹೇಗೆ? ಕಾಸರಗೋಡಿನ ಸಣ್ಣ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಣ್ಣೆ ಮಿಲ್ಲು ಇಟ್ಟವರು ಈಗ ಬಾಟಲಿ, ಪ್ಯಾಕೆಟ್ ಜೊತೆಗೆ 15 ಕಿಲೋ ಬಕೆಟ್ಟಿಗೂ ಕೈ ಹಾಕುತ್ತಿದ್ದಾರೆ. ಹೋಟೆಲಿನವರು, ಬೇಕರಿಯವರು, ಬಾಳೆಕಾಯಿ ಚಿಪ್ಸ್ ಹುರಿಯುವವರು, ಮದುವೆ ಅಡುಗೆ ಹಿಡಿಯುವವರು ಎಲ್ಲರಿಗೂ ಬೇಕಾದದ್ದು ದೊಡ್ಡ ಬಕೆಟ್ಟೇ. ಎಣ್ಣೆ ಮಾತ್ರ ಅಲ್ಲ. ಮಿಡಿ ಉಪ್ಪಿನಕಾಯಿ, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ದ್ರವ ಗೊಬ್ಬರ, ಫಿನಾಯಿಲ್, ಪೇಂಟ್ ಮಾಡುವವರಿಗೂ ಇದೇ ಪ್ರಶ್ನೆ: ಯಾವ ಮೆಷಿನ್ ತಗೊಳ್ಳೋದು?

ಎಲ್ಲರೂ ಮೊದಲು ಕೇಳುವುದು ತುಂಬುವ ಮೆಷಿನ್ ಬಗ್ಗೆ. ನಾನು ಹೇಳುವುದು, ಮುಚ್ಚಳದಿಂದ ಶುರು ಮಾಡಿ. ತುಂಬುವುದು ಸುಲಭ. ತೂಕ ಹೆಚ್ಚುಕಮ್ಮಿ ಆದರೆ ಅಲ್ಲೇ ಗೊತ್ತಾಗುತ್ತದೆ, ಅಲ್ಲೇ ಸರಿ ಮಾಡಬಹುದು. ಮುಚ್ಚಳ ಸರಿ ಕೂರದಿದ್ದರೆ ಗೊತ್ತಾಗುವುದು ಸರಕು ಲಾರಿಯಿಂದ ಇಳಿಯುವಾಗ, ಗಿರಾಕಿಯ ಅಂಗಡಿಯಲ್ಲಿ. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಬಕೆಟ್‌ಗಳ ಲೇಬಲ್ ಕೂಡ ಎಣ್ಣೆ ಕುಡಿದಿರುತ್ತದೆ.

ಹೆಜ್ಜೆ 1: ತುಂಬುವ ವಸ್ತುವಿನ ಗುಣ ಬರೆದಿಡಿ

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ. ಅದು ತೆಳುವಾಗಿದೆಯೋ ಮಂದವೋ? ತುಂಡುಗಳಿವೆಯೋ? ಸುರಿದಾಗ ನೊರೆ ಬರುತ್ತದೆಯೋ? ಉಪ್ಪು, ಹುಳಿ ಇದೆಯೋ? ಬೆಂಕಿ ಹಿಡಿಯುವಂಥದ್ದೋ? ತುಂಬುವಾಗ ಎಷ್ಟು ಬಿಸಿ ಇರುತ್ತದೆ?

ತೆಂಗಿನೆಣ್ಣೆಗೆ ಇನ್ನೊಂದು ವಿಷಯ ಸೇರಿಸಿ. ಸುಮಾರು 24–25 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನಮ್ಮ ಒಳನಾಡಿನಲ್ಲೇ ಟ್ಯಾಂಕಿನ ತಳದಲ್ಲಿ, ಪೈಪಿನಲ್ಲಿ ಎಣ್ಣೆ ಗಟ್ಟಿಯಾಗುವುದುಂಟು. ಪಂಪ್ ಕೂಗುತ್ತದೆ, ಎಣ್ಣೆ ಬರುವುದಿಲ್ಲ. ಹಾಗಾಗಿ ಟ್ಯಾಂಕಿಗೆ ಬಿಸಿನೀರಿನ ಜಾಕೆಟ್ ಅಥವಾ ಹೀಟರ್, ಪೈಪಿಗೆ ಹೀಟಿಂಗ್ ಟೇಪ್ ಬೇಕು ಅಂತ ಈಗಲೇ ಬರೆದಿಡಿ. ಆಮೇಲೆ ಸೇರಿಸಲು ಹೋದರೆ ಖರ್ಚು ಜಾಸ್ತಿ.

ಹೆಜ್ಜೆ 2: ದಿನಕ್ಕೆ ಎಷ್ಟು ಬಕೆಟ್ ಅಂತ ಲೆಕ್ಕ ಹಾಕಿ

ಮಾರುವವರ ಮಾತಿಗೆ ಜನ ಮರುಳಾಗುವುದು ಇಲ್ಲೇ. ಗಂಟೆಗೆ 300 ಬಕೆಟ್ ತುಂಬುವ ಲೈನಿನ ವಿಡಿಯೋ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಲೆಕ್ಕ ನೋಡಿ. ದಿನಕ್ಕೆ ಒಂದು ಟನ್ ಕೊಬ್ಬರಿ ಹಿಂಡಿದರೆ ಬರುವ ಎಣ್ಣೆ 600 ಕಿಲೋಗೆ ಸ್ವಲ್ಪ ಮೇಲೆ. 15 ಕಿಲೋ ಲೆಕ್ಕದಲ್ಲಿ ಅದು 40 ಬಕೆಟ್ ಚಿಲ್ಲರೆ. ಒಂದೇ ನಾಝಲ್ (ತುಂಬುವ ಮೂತಿ) ಇರುವ ಸೆಮಿ ಆಟೋಮ್ಯಾಟಿಕ್ ಮೆಷಿನ್‌ನಲ್ಲಿ ಬಕೆಟ್ ಇಡಲು, ತುಂಬಲು, ಮುಚ್ಚಲು ಎಲ್ಲ ಸೇರಿ ಎರಡು ನಿಮಿಷ ಹಿಡಿದರೂ ಇಡೀ ದಿನದ ಸರಕು ಒಂದೂವರೆ ಗಂಟೆಯಲ್ಲಿ ಮುಗಿಯಿತು.

ಮಾರಾಟ ಎರಡು ಪಟ್ಟಾದರೂ ಅದೇ ಮೆಷಿನ್ ಸಾಕು. ಓಣಂ ಹೊತ್ತಿನ ಒತ್ತಡಕ್ಕೆ ಎರಡು ಗಂಟೆ ಹೆಚ್ಚು ಓಡಿಸಿದರಾಯಿತು. ದಿನಕ್ಕೆ 400–500 ಬಕೆಟ್ ದಾಟುವವರೆಗೆ ಫುಲ್ ಆಟೋಮ್ಯಾಟಿಕ್ ಲೈನಿಗೆ ದುಡ್ಡು ಹಾಕಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ದುಡ್ಡಲ್ಲಿ ಒಳ್ಳೆ ಫಿಲ್ಟರ್, ಒಳ್ಳೆ ಟ್ಯಾಂಕ್ ಬರುತ್ತದೆ.

ಸಣ್ಣ ಆಹಾರ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇದೆ. ಅರ್ಜಿ ಹಾಕುವ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ. ಆದರೆ ಸಬ್ಸಿಡಿ ಸಿಗುತ್ತದೆ ಅಂತ ಬೇಡದ ದೊಡ್ಡ ಮೆಷಿನ್ ತಗೊಳ್ಳಬೇಡಿ. ಉಳಿದ ಶೇ 65 ನಿಮ್ಮದೇ ಅಲ್ವಾ.

ಹೆಜ್ಜೆ 3: ಬಕೆಟ್ ಮತ್ತು ಮುಚ್ಚಳ ಗಟ್ಟಿ ಮಾಡಿ

ಮೊದಲು ಅಳತೆ. 15 ಲೀಟರ್ ಬಕೆಟ್ಟಿನಲ್ಲಿ 15 ಕಿಲೋ ಎಣ್ಣೆ ಹಿಡಿಯುವುದಿಲ್ಲ. 30 ಡಿಗ್ರಿಯಲ್ಲಿ ಒಂದು ಲೀಟರ್ ತೆಂಗಿನೆಣ್ಣೆಯ ತೂಕ ಸುಮಾರು 915 ಗ್ರಾಂ. ಅಂದರೆ 15 ಕಿಲೋಗೆ ಸುಮಾರು 16.4 ಲೀಟರ್ ಜಾಗ ಬೇಕು. ಮೇಲೆ ಖಾಲಿ ಜಾಗವೂ ಬೇಕು. ಹಾಗಾಗಿ ಕಂಠಮಟ್ಟ 18 ಲೀಟರ್ ಹಿಡಿಯುವ ಬಕೆಟ್ ನೋಡಿ. ಬಕೆಟ್ ಮಾರುವವರು ಹೇಳುವ ಅಳತೆ ಕಂಠದವರೆಗಿನದ್ದೋ, ತುಂಬುವ ಗೆರೆವರೆಗಿನದ್ದೋ ಅಂತ ಕೇಳಿ ಬರೆಸಿಕೊಳ್ಳಿ.

ಮುಚ್ಚಳದಲ್ಲಿ ಮುಖ್ಯವಾಗಿ ನಾಲ್ಕು ಬಗೆ ಇವೆ.

ಒತ್ತಿ ಕೂರಿಸುವ ಪ್ಲಾಸ್ಟಿಕ್ ಮುಚ್ಚಳ ನಮ್ಮಲ್ಲಿ ಹೆಚ್ಚು. ಅದರ ಅಂಚನ್ನು ತಿರುಗಿಸಿ ನೋಡಿ. ಸುತ್ತಲೂ ಒಂದು ಕಾಲುವೆ ಇರುತ್ತದೆ, ಒಳಗಡೆ ಒಂದು ನಾಲಿಗೆ. ಬಕೆಟ್ಟಿನ ಕಂಠ ಈ ಕಾಲುವೆಯೊಳಗೆ ಪೂರ್ತಿ ಇಳಿದು ಹೊರ ಅಂಚಿನ ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಒಳ್ಳೆ ಮುಚ್ಚಳದ ಕಾಲುವೆಯಲ್ಲಿ ರಬ್ಬರ್ ರಿಂಗ್ ಇರುತ್ತದೆ. ಎಣ್ಣೆಯಂಥ ತೆಳು ವಸ್ತುವಿಗೆ ಆ ರಿಂಗ್ ಇರಲೇಬೇಕು. ಉಪ್ಪಿನಕಾಯಿಯಂಥ ಮಂದ ವಸ್ತುವಿಗೆ ರಿಂಗ್ ಇಲ್ಲದ್ದೂ ನಡೆಯುತ್ತದೆ, ಆದರೆ ಮೇಲೆ ತೇಲುವ ರಸ ಇದ್ದರೆ ನಡೆಯುವುದಿಲ್ಲ. ಹೊರಗೆ ಹರಿದು ತೆಗೆಯುವ ಪಟ್ಟಿ ಇದ್ದರೆ ಸರಕನ್ನು ಯಾರಾದರೂ ಮುಟ್ಟಿದ್ದರೆ ತಿಳಿಯುತ್ತದೆ.

ಎರಡನೆಯದು ಮಧ್ಯದಲ್ಲಿ ಸುರಿಯುವ ಮೂತಿ ಇರುವ ಮುಚ್ಚಳ. ಹೋಟೆಲಿನವರಿಗೆ ಇದು ಇಷ್ಟ. ಆದರೆ ಒತ್ತುವ ಮೆಷಿನ್‌ನ ತಟ್ಟೆ ಸಪಾಟಾಗಿದ್ದರೆ ಮೂತಿ ಜಜ್ಜಿಹೋಗುತ್ತದೆ. ಮಧ್ಯ ತೂತು ಇರುವ ತಟ್ಟೆ ಬೇಕು.

ಮೂರನೆಯದು ಕ್ಯಾನಿನ ತಿರುಪು ಮುಚ್ಚಳ, ಒಳಗೆ ಅಲ್ಯೂಮಿನಿಯಂ ಫಾಯಿಲ್. ನಾಲ್ಕನೆಯದು ಸುತ್ತ ಕಿವಿಗಳಿರುವ ತಗಡಿನ ಮುಚ್ಚಳ, ಪೇಂಟ್, ಥಿನ್ನರ್ ಬಗೆಯವಕ್ಕೆ.

ನೀವು ಮೆಚ್ಚಿದ ಬಕೆಟ್ ಅದೇ ಅಚ್ಚಿನಲ್ಲಿ ವರ್ಷವಿಡೀ ಸಿಗುತ್ತದೆಯೋ ಅಂತ ಖಾತ್ರಿ ಮಾಡಿಕೊಳ್ಳಿ. ಒಬ್ಬರ ಬಕೆಟ್ಟಿಗೆ ಇನ್ನೊಬ್ಬರ ಮುಚ್ಚಳ ಹಾಕಬೇಡಿ. ಕಣ್ಣಿಗೆ ಒಂದೇ ಥರ ಕಂಡರೂ ಒಂದು ಮಿಲಿಮೀಟರ್ ವ್ಯತ್ಯಾಸ ಸಾಕು, ಸೋರುತ್ತದೆ.

ಹೆಜ್ಜೆ 4: ಮುಚ್ಚುವ ಮೆಷಿನ್

ರಬ್ಬರ್ ಸುತ್ತಿಗೆಯಿಂದ ಬಡಿದು ಮುಚ್ಚುವವರು ಈಗಲೂ ಇದ್ದಾರೆ. ಹತ್ತು ಬಕೆಟ್ಟಿಗೆ ಸರಿ. ನಲವತ್ತಕ್ಕೆ ಕೈ ಸೋಲುತ್ತದೆ. ಒಂದು ಕಡೆ ಬಡಿದರೆ ಇನ್ನೊಂದು ಕಡೆ ಏಳುತ್ತದೆ, ಕೊನೆಯ ಹತ್ತು ಬಕೆಟ್ ಅರೆಬರೆ ಮುಚ್ಚಿರುತ್ತವೆ.

ನಮ್ಮ ಪ್ರಮಾಣಕ್ಕೆ ಸರಿಯಾದದ್ದು ಗಾಳಿ ಒತ್ತಡದ ಪ್ರೆಸ್. ಬಕೆಟ್ ಕೆಳಗೆ ಇಟ್ಟು ಎರಡು ಬಟನ್ ಒತ್ತಿದರೆ ತಟ್ಟೆ ಇಳಿದು ಮುಚ್ಚಳದ ಸುತ್ತಲೂ ಒಂದೇ ಸಮ ಒತ್ತುತ್ತದೆ. ಎರಡು ಕೈಗೆ ಎರಡು ಬಟನ್ ಇರಲೇಬೇಕು, ಇಲ್ಲದಿದ್ದರೆ ಒಂದು ಕೈ ತಟ್ಟೆಯ ಕೆಳಗೆ ಹೋಗುವ ಅಪಾಯ ಇದೆ. ಬಲದ ಲೆಕ್ಕ ಕಷ್ಟ ಏನಿಲ್ಲ. 100 ಮಿಲಿಮೀಟರ್ ಬೋರ್ (ಒಳ ವ್ಯಾಸ) ಇರುವ ಸಿಲಿಂಡರ್‌ಗೆ 6 ಬಾರ್ ಗಾಳಿ ಕೊಟ್ಟರೆ ಸುಮಾರು 480 ಕಿಲೋ ಒತ್ತಡ ಬರುತ್ತದೆ. ನಿಮ್ಮ ಮುಚ್ಚಳಕ್ಕೆ ಎಷ್ಟು ಬೇಕು ಅಂತ ಬಕೆಟ್ ಕಂಪನಿಯವರನ್ನೇ ಕೇಳಿ, ರೆಗ್ಯುಲೇಟರ್‌ನಲ್ಲಿ ಹೊಂದಿಸಿ. ಜಾಸ್ತಿ ಒತ್ತಿದರೆ ಬಕೆಟ್ಟಿನ ಹೊಟ್ಟೆ ಉಬ್ಬುತ್ತದೆ, ಮುಚ್ಚಳದ ಕೊಕ್ಕೆ ಸೀಳುತ್ತದೆ. ರೋಲರ್ ಕೆಳಗೆ ಬಕೆಟ್ ಸಾಗುತ್ತಾ ಮುಚ್ಚಿಕೊಳ್ಳುವ ಬಗೆಯೂ ಇದೆ. ಅದು ಕನ್ವೇಯರ್ ಲೈನಿಗೆ ಸರಿ, ಒಂಟಿ ನಾಝಲ್ ಘಟಕಕ್ಕೆ ಬೇಡ.

ಮುಚ್ಚಿದ ಮೇಲೆ ಒಂದು ಅಭ್ಯಾಸ ಕಡ್ಡಾಯ ಮಾಡಿ. ಕೆಲಸದವರು ಪ್ರತಿ ಬಕೆಟ್ಟಿನ ಅಂಚಿನ ಮೇಲೆ ಬೆರಳು ಒಂದು ಸುತ್ತು ಓಡಿಸಬೇಕು. ಕೂರದ ಜಾಗದಲ್ಲಿ ಅಂಚು ಒಂದು ಎಳೆಯಷ್ಟು ಎದ್ದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಹಿಡಿಯ ಕಿವಿ ಇರುವ ಎರಡು ಬದಿಯಲ್ಲಿ ವಿಶೇಷ ಗಮನ ಕೊಡಲು ಹೇಳಿ.

ಫಾಯಿಲ್ ಇರುವ ಕ್ಯಾನಿಗೆ ಎರಡು ಸಾಮಾನು ಬೇಕು: ತಿರುಪು ಬಿಗಿ ಮಾಡುವ ಕ್ಯಾಪರ್ ಮತ್ತು ಇಂಡಕ್ಷನ್ ಸೀಲರ್. ಸೀಲರ್‌ನ ವಿದ್ಯುತ್ ಕಾಂತ ಶಕ್ತಿಯಿಂದ ಫಾಯಿಲ್ ಬಿಸಿಯಾಗಿ ಅದರ ಕೆಳಗಿನ ಪ್ಲಾಸ್ಟಿಕ್ ಪದರ ಕಂಠಕ್ಕೆ ಅಂಟುತ್ತದೆ. ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಕ್ಯಾನಿಗೆ ಪಾಲಿಥೀನ್ ಪದರದ ಫಾಯಿಲ್ ಬೇಕು. ಪೆಟ್ ಬಾಟಲಿಯ ಫಾಯಿಲ್ ಇಲ್ಲಿ ಅಂಟುವುದಿಲ್ಲ. ಕಂಠದ ಮೇಲೆ ಎಣ್ಣೆ ಬಿದ್ದಿದ್ದರೆ ಯಾವ ಫಾಯಿಲ್ಲೂ ಅಂಟುವುದಿಲ್ಲ, ಹಾಗಾಗಿ ತೊಟ್ಟಿಕ್ಕದ ನಾಝಲ್ ಇಲ್ಲಿ ಬಹಳ ಮುಖ್ಯ. ಸೀಲ್ ಆದ ಮೇಲೆ ತಿರುಪು ಸ್ವಲ್ಪ ಸಡಿಲವಾಗುತ್ತದೆ, ಇನ್ನೊಮ್ಮೆ ಬಿಗಿ ಮಾಡಬೇಕು.

ತಗಡಿನ ಮುಚ್ಚಳಕ್ಕೆ ಕ್ರಿಂಪರ್. ಕೈಯಲ್ಲಿ ಒಂದೊಂದೇ ಕಿವಿ ಮಡಚುವ ಉಪಕರಣ ಅಗ್ಗ. ಎಲ್ಲ ಕಿವಿ ಒಟ್ಟಿಗೆ ಮಡಚುವ ಗಾಳಿ ಕ್ರಿಂಪರ್ ದುಬಾರಿ, ಆದರೆ ಕೆಲಸ ಚೊಕ್ಕ.

ಹೆಜ್ಜೆ 5: ತುಂಬುವ ಮೆಷಿನ್

ದೊಡ್ಡ ಬಕೆಟ್ಟಿಗೆ ತೂಕ ನೋಡಿ ತುಂಬುವ ಮೆಷಿನ್ನೇ ತಗೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾರಣ ಕೇಳಿ.

ಎಣ್ಣೆ ಬಿಸಿಗೆ ಹಿಗ್ಗುತ್ತದೆ. 10 ಡಿಗ್ರಿ ವ್ಯತ್ಯಾಸಕ್ಕೆ ಶೇ 0.7ರ ಆಸುಪಾಸು. ಲೀಟರ್ ಅಳೆದು ತುಂಬಿದರೆ ಬೆಳಿಗ್ಗೆಯ 30 ಡಿಗ್ರಿ ಎಣ್ಣೆಗೂ ಮಧ್ಯಾಹ್ನದ 40 ಡಿಗ್ರಿ ಎಣ್ಣೆಗೂ 15 ಕಿಲೋದಲ್ಲಿ 100 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬಂತು. ಕಡಿಮೆ ಬಿದ್ದರೆ ಕಾನೂನು ಹಿಡಿಯುತ್ತದೆ. ಹೆಚ್ಚು ಬಿದ್ದರೆ ನಿಮ್ಮ ಜೇಬು. ದಿನಕ್ಕೆ 40 ಬಕೆಟ್, ಒಂದೊಂದರಲ್ಲಿ 100 ಗ್ರಾಂ ಹೆಚ್ಚಿಗೆ ಹೋದರೆ 4 ಕಿಲೋ. 300 ದಿನಕ್ಕೆ 1,200 ಕಿಲೋ ತೆಂಗಿನೆಣ್ಣೆ. ಇವತ್ತಿನ ದರದಲ್ಲಿ ಗುಣಿಸಿ ನೋಡಿ, ಮೆಷಿನ್ ಬೆಲೆ ಅಲ್ಲೇ ಕಾಣುತ್ತದೆ.

ಒಳ್ಳೆ ತೂಕದ ಮೆಷಿನ್ ಎರಡು ವೇಗದಲ್ಲಿ ತುಂಬುತ್ತದೆ. ಖಾಲಿ ಬಕೆಟ್ ಇಟ್ಟ ಕೂಡಲೇ ಅದರ ತೂಕ ಕಳೆದು ಸೊನ್ನೆಗೆ ಬರುತ್ತದೆ. ಮೊದಲು ದಪ್ಪ ಧಾರೆ. 14 ಕಿಲೋ ದಾಟಿದ ಮೇಲೆ ಸಣ್ಣ ಧಾರೆ. ಅಂಕಿ 14.94 ತೋರಿಸುವಾಗ ವಾಲ್ವ್ ಮುಚ್ಚುತ್ತದೆ. ಅಷ್ಟರಲ್ಲಿ ಗಾಳಿಯಲ್ಲಿ ಬೀಳುತ್ತಿರುವ 60 ಗ್ರಾಂ ಬಕೆಟ್ಟಿಗೆ ಸೇರಿ 15.00ಕ್ಕೆ ನಿಲ್ಲುತ್ತದೆ. ಈ ಬೀಳುವ ತೂಕವನ್ನು ಮೆಷಿನ್ ತಾನೇ ಕಲಿತು ತಿದ್ದಿಕೊಳ್ಳುತ್ತದೆಯೋ, ನಾವೇ ಹಾಕಬೇಕೋ ಅಂತ ಕೇಳಿ. ತಾನೇ ತಿದ್ದಿಕೊಂಡರೆ ಒಳ್ಳೆಯದು.

ತಕ್ಕಡಿ 30 ಕಿಲೋ ಸಾಮರ್ಥ್ಯ, 5 ಗ್ರಾಂ ಭಾಗ ಇದ್ದರೆ ಸಾಕು. ಫ್ಯಾನ್ ಗಾಳಿ ನೇರ ಬೀಳದ ಹಾಗೆ, ನಡೆದಾಡಿದರೆ ಅದುರದ ನೆಲದ ಮೇಲೆ ಇಡಿ.

ನಾಝಲ್ ಬಕೆಟ್ಟಿನ ತಳದವರೆಗೆ ಇಳಿದು, ತುಂಬಿದ ಹಾಗೆ ಮೇಲೇರುವ ಬಗೆ ಇದ್ದರೆ ನೊರೆ ಬರುವುದಿಲ್ಲ. ಫಿನಾಯಿಲ್, ಸೋಪಿನ ದ್ರವಕ್ಕೆ ಇದು ಬೇಕೇ ಬೇಕು. ಎಣ್ಣೆಗೆ ಗೋಡೆಗೆ ತಾಗಿ ಇಳಿಯುವ ನಾಝಲ್ ಸಾಕು.

ಪೈಪಿನಲ್ಲಿ ಹರಿಯುವ ದ್ರವವನ್ನು ಅಳೆದು ತುಂಬುವ ಫ್ಲೋಮೀಟರ್ ಮೆಷಿನ್ ತೋರಿಸುವವರು ಬರುತ್ತಾರೆ. ಅದು ಎಲೆಕ್ಟ್ರೋಮ್ಯಾಗ್ನೆಟಿಕ್ ಬಗೆಯದೋ ಅಂತ ಮೊದಲು ಕೇಳಿ. ಆ ಬಗೆ ಕರೆಂಟ್ ಹರಿಯುವ ದ್ರವವನ್ನಷ್ಟೇ ಅಳೆಯುತ್ತದೆ. ಉಪ್ಪುನೀರು, ದ್ರವ ಗೊಬ್ಬರಕ್ಕೆ ಚೆನ್ನಾಗಿದೆ. ಎಣ್ಣೆಗೆ ಪ್ರಯೋಜನ ಇಲ್ಲ, ಎಣ್ಣೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಕೊರಿಯೋಲಿಸ್ ಬಗೆ ತೂಕವನ್ನೇ ಅಳೆಯುತ್ತದೆ, ಎಣ್ಣೆಗೂ ಆಗುತ್ತದೆ, ಬೆಲೆ ಮಾತ್ರ ನಮ್ಮಂಥವರಿಗಲ್ಲ.

ಉಪ್ಪಿನಕಾಯಿ, ಉಪ್ಪು ಸೊಳೆಯ ಕಥೆ ಬೇರೆ. ಮಿಡಿ ಮಾವಿನಕಾಯಿ ನಾಝಲ್‌ನಲ್ಲಿ ಇಳಿಯುವುದಿಲ್ಲ, ಇಳಿಸಿದರೆ ಜಜ್ಜಿಹೋಗುತ್ತದೆ. ಮಿಡಿಯನ್ನೋ ಸೊಳೆಯನ್ನೋ ಕೈಯಲ್ಲೇ ತಕ್ಕಡಿ ಮೇಲಿನ ಬಕೆಟ್ಟಿಗೆ ಹಾಕಿ, ಮೇಲಿನಿಂದ ರಸ ಅಥವಾ ಉಪ್ಪುನೀರನ್ನು ಮಾತ್ರ ನಾಝಲ್‌ನಿಂದ ಕೊಡಿ. ಇದಕ್ಕೆ ಪಿಸ್ಟನ್‌ನಿಂದ ತಳ್ಳಿ ತುಂಬುವ ಮೆಷಿನ್ ತಗೊಂಡು ಕೈ ಸುಟ್ಟುಕೊಳ್ಳಬೇಡಿ.

ಥಿನ್ನರ್ ಇರುವ ಪೇಂಟ್ ತುಂಬುವವರು ಮೋಟಾರ್, ಸ್ವಿಚ್ ಎಲ್ಲ ಫ್ಲೇಮ್‌ಪ್ರೂಫ್ (ಒಳಗಿನ ಕಿಡಿಯಿಂದ ಹೊರಗೆ ಬೆಂಕಿ ಹತ್ತದ ಹಾಗೆ ಮಾಡಿದ್ದು) ಇರುವಂಥದ್ದನ್ನೇ ಕೇಳಬೇಕು. ಗಾಳಿಯಲ್ಲಿ ಓಡುವ ಡಯಾಫ್ರಾಮ್ ಪಂಪ್ ಒಳ್ಳೆಯದು. ತಗಡಿನ ಬಕೆಟ್ಟಿಗೂ ಮೆಷಿನ್ನಿಗೂ ಅರ್ಥಿಂಗ್ ಕ್ಲಿಪ್ ಹಾಕದೆ ತುಂಬಲೇಬಾರದು. ಎತ್ತರದಿಂದ ಬೀಳುವ ಥಿನ್ನರ್‌ನಲ್ಲಿ ಹುಟ್ಟುವ ಸ್ಟ್ಯಾಟಿಕ್ ಕರೆಂಟಿನ ಒಂದು ಕಿಡಿ ಸಾಕು.

ಹೆಜ್ಜೆ 6: ಯಾವ ಲೋಹ, ಯಾವ ರಬ್ಬರ್

ಎಣ್ಣೆ ತಾಗುವ ಕಡೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಸಾಕು. ಉಪ್ಪು, ಹುಳಿ ಇದ್ದರೆ 316 ಕೇಳಿ. ಉಪ್ಪುನೀರಿಗೆ 304ರಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಎಣ್ಣೆಯ ದಾರಿಯಲ್ಲಿ ಹಿತ್ತಾಳೆ, ತಾಮ್ರದ ವಾಲ್ವ್ ಬೇಡ. ತಾಮ್ರದ ಅಂಶ ಸೇರಿದರೆ ಎಣ್ಣೆ ಬೇಗ ಕಮಟುತ್ತದೆ. ಕೊಟೇಶನ್‌ನಲ್ಲಿ ಎಲ್ಲ ಎಸ್‌ಎಸ್ ಅಂತ ಬರೆದು ಒಂದು ಹಿತ್ತಾಳೆ ಬಾಲ್ ವಾಲ್ವ್ ಸೇರಿಸಿ ಕಳಿಸುವುದುಂಟು, ಬಂದ ದಿನವೇ ನೋಡಿಕೊಳ್ಳಿ. ಓ ರಿಂಗ್, ಗ್ಯಾಸ್ಕೆಟ್‌ಗೆ ಇಪಿಡಿಎಂ ರಬ್ಬರ್ ಬೇಡ, ಎಣ್ಣೆಗೆ ಉಬ್ಬಿಹೋಗುತ್ತದೆ. ಫುಡ್ ಗ್ರೇಡ್ ನೈಟ್ರೈಲ್ ಅಥವಾ ವಿಟಾನ್ ಕೇಳಿ.

ಹೆಜ್ಜೆ 7: ನಮ್ಮ ಮಳೆ, ನಮ್ಮ ಕರೆಂಟ್

ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ನಮ್ಮದು. ಜೂನ್‌ನಿಂದ ಗಾಳಿಯಲ್ಲೇ ನೀರು. ಕಂಪ್ರೆಸರ್ ಆ ಗಾಳಿಯನ್ನು ಹಿಂಡಿದಾಗ ನೀರು ಟ್ಯಾಂಕಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಸಿಲಿಂಡರ್, ವಾಲ್ವ್ ಒಳಗೆ ಹೋಗಿ ತುಕ್ಕು ಹಿಡಿಸುತ್ತದೆ. ಮೆಷಿನ್ ಕೊಡುವವರು ಒಣ ಊರಿನವರಾದರೆ ಇದನ್ನು ತಾವಾಗಿ ಹೇಳುವುದಿಲ್ಲ. ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಮೂರೂ ಇರುವ ಎಫ್‌ಆರ್‌ಎಲ್ ಸೆಟ್, ಜೊತೆಗೆ ಸಾಧ್ಯವಾದರೆ ಏರ್ ಡ್ರೈಯರ್ ಹಾಕಿಸಿ. ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಸಂಜೆ ಬಿಡಿ. ಕಂಟ್ರೋಲ್ ಪ್ಯಾನೆಲ್ ಧೂಳು, ನೀರು ಒಳಗೆ ಹೋಗದ ಐಪಿ65 ದರ್ಜೆಯದ್ದಿರಲಿ.

ಕರೆಂಟ್ ವಿಷಯವನ್ನು ಆರ್ಡರ್ ಕೊಡುವ ಮುಂಚೆಯೇ ಬಗೆಹರಿಸಿಕೊಳ್ಳಿ. ಸಿಂಗಲ್ ಫೇಸಿನಲ್ಲಿ ಓಡುವ ಫಿಲ್ಲರ್ ಸಿಗುತ್ತದೆ. ಕಂಪ್ರೆಸರ್, ಹೀಟರ್ ಸೇರಿದರೆ ತ್ರೀ ಫೇಸ್ ಬೇಕಾಗಬಹುದು, ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಆಫೀಸಿನಲ್ಲಿ ಲೋಡ್ ಲೆಕ್ಕ ಕೊಟ್ಟು ವಿಚಾರಿಸಿ. ತಕ್ಕಡಿ ಮತ್ತು ಕಂಟ್ರೋಲರ್‌ಗೆ ಬೇರೆ ಯುಪಿಎಸ್ ಕೊಡಿ.

ಎಣ್ಣೆಯನ್ನು 35–40 ಡಿಗ್ರಿಯಲ್ಲಿ ತುಂಬಿ. 60 ಡಿಗ್ರಿಯಲ್ಲಿ ತುಂಬಿ ಕೂಡಲೇ ಮುಚ್ಚಿದರೆ ತಣಿಯುವಾಗ ಎಣ್ಣೆ ಸುಮಾರು 350 ಮಿಲಿಲೀಟರ್ ಕುಗ್ಗುತ್ತದೆ, ಮೇಲಿನ ಬಿಸಿ ಗಾಳಿಯೂ ಕುಗ್ಗುತ್ತದೆ. ಬಕೆಟ್ಟಿನ ಬದಿ ಒಳಕ್ಕೆ ಎಳೆದುಕೊಂಡು ಸೊಟ್ಟಗಾಗುತ್ತದೆ, ಒಂದರ ಮೇಲೊಂದು ಪೇರಿಸಿದರೆ ವಾಲುತ್ತದೆ.

ಹೆಜ್ಜೆ 8: ಕಾನೂನು

ಪೊಟ್ಟಣದ ಸರಕಿನ 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ 10ರಿಂದ 15 ಕಿಲೋ ಪ್ಯಾಕಿಗೆ ಒಂದು ಪ್ಯಾಕಿನಲ್ಲಿ ಕಡಿಮೆ ಬೀಳಬಹುದಾದದ್ದು ಹೆಚ್ಚೆಂದರೆ 150 ಗ್ರಾಂ. 15 ಕಿಲೋ ಮೇಲ್ಪಟ್ಟರೆ ಶೇ 1. ಆದರೆ ಸರಾಸರಿ ತೂಕ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಮೆಷಿನ್ನಿನ ತಕ್ಕಡಿ ಮುದ್ರೆ ಹಾಕಿಸಲು ಅರ್ಹವಾದ ಮಾಡೆಲ್ಲೋ ಅಂತ ಕೇಳಿ ತಗೊಳ್ಳಿ. ಅಡುಗೆ ಎಣ್ಣೆಯ ಲೇಬಲ್‌ನಲ್ಲಿ ಉಷ್ಣತೆ ಬರೆಯದೆ ಲೀಟರ್ ಮತ್ತು ತೂಕ ಎರಡನ್ನೂ ಹಾಕಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಹೇಳಿದೆ.

ಹಳೇ ಎಣ್ಣೆ ಟಿನ್ನುಗಳನ್ನು ತೊಳೆದು ಮತ್ತೆ ತುಂಬುವ ರೂಢಿ ನಮ್ಮ ಕಡೆ ಇತ್ತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ಆಹಾರ ದರ್ಜೆಯ ಪ್ರಮಾಣಪತ್ರ ಪ್ರತಿ ಲಾಟಿಗೂ ಕೇಳಿ ಇಟ್ಟುಕೊಳ್ಳಿ.

ಹೆಜ್ಜೆ 9: ಕೊಟೇಶನ್, ಟ್ರಯಲ್, ಆರ್ಡರ್

ಮೆಷಿನ್ ಮಾಡುವವರು ಅಹಮದಾಬಾದ್, ಮುಂಬೈ ಕಡೆ ಜಾಸ್ತಿ. ಕೊಯಮತ್ತೂರಿನಲ್ಲೂ ಇದ್ದಾರೆ. ದರ ಸ್ವಲ್ಪ ಹೆಚ್ಚಾದರೂ ನಾನು ಹತ್ತಿರದವರ ಕಡೆಗೇ ವಾಲುತ್ತೇನೆ. ಕೊಯಮತ್ತೂರಿನ ಮೆಕ್ಯಾನಿಕ್ ಬೆಳಿಗ್ಗೆ ರೈಲು ಹತ್ತಿದರೆ ಅದೇ ದಿನ ಕಾಸರಗೋಡು ಮುಟ್ಟುತ್ತಾರೆ. ಪ್ರೆಸ್ಸಿನ ಚೌಕಟ್ಟು, ಟ್ಯಾಂಕ್, ಸ್ಟ್ಯಾಂಡ್ ಇವನ್ನು ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್‌ನವರ ಹತ್ತಿರ ಮಾಡಿಸಬಹುದು.

ಆರ್ಡರ್ ಕೊಡುವ ಮುಂಚೆ ನಿಮ್ಮದೇ ಬಕೆಟ್, ನಿಮ್ಮದೇ ಮುಚ್ಚಳ, ನಿಮ್ಮದೇ ಎಣ್ಣೆ ಕಳಿಸಿ ಟ್ರಯಲ್ ಮಾಡಿಸಿ. ನೀರು ತುಂಬಿ ತೋರಿಸಿದರೆ ಒಪ್ಪಬೇಡಿ. ಸಾಲಾಗಿ 30 ಬಕೆಟ್ ತುಂಬಿಸಿ, ಬೇರೆ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂತರ 30–40 ಗ್ರಾಂ ಒಳಗಿದ್ದರೆ ಒಳ್ಳೆ ಮೆಷಿನ್. ಅದರಲ್ಲಿ ಐದಾರು ಬಕೆಟ್‌ಗಳನ್ನು ಪ್ರೆಸ್ಸಿನಲ್ಲಿ ಮುಚ್ಚಿ, ಹಳೇ ಪೇಪರ್ ಹಾಸಿ ಅದರ ಮೇಲೆ ಅಡ್ಡ ಮಲಗಿಸಿ ರಾತ್ರಿ ಬಿಡಿ. ಒಂದು ಹನಿ ಜಿನುಗಿದರೂ ಬೆಳಿಗ್ಗೆ ಪೇಪರ್ ಮೇಲೆ ಕಲೆ ಕಾಣುತ್ತದೆ. ಇನ್ನೆರಡನ್ನು ಲಾರಿಯ ಡಾಲೆ (ಹಿಂಬಾಗಿಲು) ಎತ್ತರದಿಂದ ಕೆಳಗೆ ಹಾಕಿ ನೋಡಿ.

ಹಣವನ್ನು ಮೂರು ಕಂತು ಮಾಡಿ. ಆರ್ಡರ್ ಜೊತೆ ಒಂದು ಭಾಗ, ಟ್ರಯಲ್ ಒಪ್ಪಿದ ಮೇಲೆ ದೊಡ್ಡ ಭಾಗ, ನಿಮ್ಮ ಶೆಡ್ಡಿನಲ್ಲಿ ಕೂರಿಸಿ ಒಂದು ವಾರ ಓಡಿಸಿದ ಮೇಲೆ ಕೊನೆಯ ಶೇ 10–20. ಇದನ್ನು ಆರ್ಡರ್‌ನಲ್ಲೇ ಬರೆಸಿ.

ಬಿಡಿಭಾಗಗಳ ಪಟ್ಟಿ, ಮಾಡೆಲ್ ನಂಬರ್ ಮತ್ತು ದರ ಕೂಡ ಕೊಟೇಶನ್‌ನಲ್ಲೇ ಬರಲಿ. ನಾಝಲ್ ಸೀಲ್, ಓ ರಿಂಗ್ ಎರಡು ಸೆಟ್, ವಾಲ್ವ್ ತೆರೆದು ಮುಚ್ಚುವ ಸೊಲೆನಾಯ್ಡ್ ಕಾಯಿಲ್ ಒಂದು, ತಕ್ಕಡಿಯಲ್ಲಿ ತೂಕ ಅಳೆಯುವ ಲೋಡ್ ಸೆಲ್ ಒಂದು ಮೆಷಿನ್ ಜೊತೆಗೇ ತರಿಸಿ. ಲೋಡ್ ಸೆಲ್ ಮತ್ತು ಕಂಟ್ರೋಲರ್ ಮಾರ್ಕೆಟ್‌ನಲ್ಲಿ ಸಿಗುವ ಬ್ರ್ಯಾಂಡಿನದ್ದೇ ಇರಲಿ. ತಯಾರಕರೇ ಕಟ್ಟಿದ, ಹೆಸರಿಲ್ಲದ ಬೋರ್ಡ್ ಇದ್ದರೆ ಅದು ಕೆಟ್ಟ ದಿನ ಅವರು ಹೇಳಿದ್ದೇ ದರ. ಕಂಪ್ರೆಸರ್ ಬೆಲ್ಟ್, ಗಾಳಿ ಪೈಪ್, ಫಿಟಿಂಗ್ ಇವೆಲ್ಲ ಮಂಗಳೂರಿನಲ್ಲೇ ಸಿಗುತ್ತವೆ, ಅದನ್ನು ಮೆಷಿನ್‌ನವರಿಂದ ಕೊಳ್ಳುವ ಅಗತ್ಯವಿಲ್ಲ.